ಸರಕಿನ ವ್ಯಾನಿಗೆ ಸೋಫಾ ಹಾಕಿದರೆ ವಿ-ಕ್ಲಾಸ್ ಆಗುತ್ತಾ?

ಪ್ರಶ್ನೆ: ಬೆಂಜ್‌ನ ವೀಟೋ ಸರಕಿನ ವ್ಯಾನು, ಅದೇ ಕಂಪನಿಯ ಜನ ಕೂರುವ ಐಷಾರಾಮಿ ವ್ಯಾನು ವಿ-ಕ್ಲಾಸು, ಎರಡಕ್ಕೂ ಒಂದೇ ಪ್ಲಾಟ್‌ಫಾರ್ಮ್ (ಗಾಡಿಯ ಅಡಿಯ ಮೂಲ ಚೌಕಟ್ಟು) ಅಂತೆ. ಹಾಗಾದರೆ ಯಾವುದಾದರೂ ಸರಕಿನ ವ್ಯಾನ್ ತಗೊಂಡು ಒಳ್ಳೆ ಸೀಟು ಹಾಕಿಸಿದರೆ ಆಯ್ತಲ್ವಾ? ನಮ್ಮ ಹೋಂಸ್ಟೇ ಗೆಸ್ಟ್‌ಗಳಿಗೆ ಬೇಕಿತ್ತು. (ಮೂಡಿಗೆರೆಯ ಓದುಗರು)

ಈ ಪ್ರಶ್ನೆ ನನಗೆ ಇದು ನಾಲ್ಕನೇ ಸಲ. ಮೂವರಿಗೆ ಫೋನಲ್ಲೇ ಹೇಳಿ ಗಂಟಲು ಒಣಗಿದೆ. ಈ ಸಲ ಬರೆದೇ ಬಿಡುತ್ತೇನೆ.

ಪ್ಲಾಟ್‌ಫಾರ್ಮ್ ಒಂದೇ ಅನ್ನೋದು ನಿಜ. ಈಗಿನ ತಲೆಮಾರಿನ ಎರಡೂ ಗಾಡಿಗಳು ಬಂದಿದ್ದು 2014ರಲ್ಲಿ. ಎರಡೂ ತಯಾರಾಗುವುದು ಸ್ಪೇನಿನ ವಿಟೋರಿಯಾದಲ್ಲಿ. ವೀಟೋ ಹೆಸರು ಬಂದಿದ್ದೇ ಆ ಊರಿಂದ. ಉದ್ದದಲ್ಲೂ ಎರಡಕ್ಕೂ ಅದೇ ಮೂರು ಅಳತೆ: 4,895, 5,140, 5,370 ಮಿಲಿಮೀಟರ್. ಇಷ್ಟು ಓದಿದವರು ತಕ್ಷಣ, 'ನೋಡಿದ್ರಾ, ಒಂದೇ ಗಾಡಿ, ಸೀಟಿಗೆ ಲೆದರ್ ಹೊದಿಸಿ ದುಡ್ಡು ಕೀಳ್ತಾರೆ' ಅನ್ನುತ್ತಾರೆ.

ಅಲ್ಲ ಸ್ವಾಮಿ. ಅದೂ ಕಾಫಿ ತೋಟದವರಿಗೆ ಇದನ್ನು ನಾನು ಹೇಳಿಕೊಡಬೇಕಾ! ನಿಮ್ಮ ಪಿಕಪ್ಪಿಗೆ 50 ಕೆಜಿಯ 20 ಮೂಟೆ ಹೇರಿಕೊಂಡು ಕಾಫಿ ಹದಮಾಡುವ ಕ್ಯೂರಿಂಗ್ ಕಾರ್ಖಾನೆಗೆ ಬರುವಾಗ ಗಾಡಿ ಎಷ್ಟು ಮೆತ್ತಗೆ ಬರುತ್ತದೆ? ಮೂಟೆ ಇಳಿಸಿ ವಾಪಸ್ ಹೋಗುವಾಗ? ಅದೇ ರಸ್ತೆ, ಅದೇ ಡ್ರೈವರ್, ಆದರೆ ಗುಂಡಿಗೊಂದು ಸಲ ತಲೆ ಚಾವಣಿಗೆ. ಟನ್ ಭಾರ ಹೊರಲೆಂದು ಮಾಡಿದ ಗಟ್ಟಿ ಸ್ಪ್ರಿಂಗು ಭಾರ ಇಲ್ಲದಿದ್ದರೆ ಬಗ್ಗುವುದೇ ಇಲ್ಲ. ನೀವು ಸೋಫಾ ಹಾಕಿ ಆರು ಜನರನ್ನು ಕೂರಿಸಿದಿರಿ ಅಂತಿಟ್ಟುಕೊಳ್ಳಿ. ಜನರ ತೂಕ ನಾನೂರು ಕೆಜಿ ಸುತ್ತಮುತ್ತ. ಸ್ಪ್ರಿಂಗಿನ ಲೆಕ್ಕದಲ್ಲಿ ಅದು ಅರ್ಧ ಖಾಲಿ ಗಾಡಿಯೇ. ವಿ-ಕ್ಲಾಸಿನ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಕೂರಿಸಿರುವುದೇ ಜನರಿಗಾಗಿ. ಮನೆಗೂ ಗೋಡೌನಿಗೂ ಒಂದೇ ತರಹದ ಪಾಯ ಹಾಕಬಹುದು, ಹಾಗಂತ ಗೋಡೌನಲ್ಲಿ ಸಂಸಾರ ಮಾಡಕ್ಕಾಗುತ್ತಾ?

ಟೈರಿನ ಗಾಳಿ ಇಳಿಸಿದರೆ ಮೆತ್ತಗಾಗುತ್ತೆ ಅಂತ ಒಬ್ಬರು ಐಡಿಯಾ ಕೊಟ್ಟರು. ದಯವಿಟ್ಟು ಬೇಡ. ಘಾಟಿಯಲ್ಲಿ ಟೈರು ಬಿಸಿಯಾಗಿ ಸಿಡಿದೀತು.

ಇನ್ನು ಸದ್ದು. ಸರಕಿನ ವ್ಯಾನಿನ ಹಿಂಭಾಗ ಬರೀ ತಗಡು. ಡ್ರೈವರ್ ಹಿಂದಿನ ಗೋಡೆ ತೆಗೆದು ಸೀಟು ಹಾಕಿದರೆ ಒಳಗೆ ತಮಟೆ ಬಾರಿಸಿದ ಹಾಗೆ. ಸೀಟು, ಬೆಲ್ಟು ಬಿಗಿಯುವ ಜಾಗವನ್ನು ಕಾರ್ಖಾನೆಯಲ್ಲೇ ಗಟ್ಟಿ ಮಾಡಿರಬೇಕು. ನಮ್ಮೂರ ವೆಲ್ಡಿಂಗ್ ಅಲ್ಲಿ ನಡೆಯಲ್ಲ. ಆರ್‌ಸಿಯಲ್ಲಿ ಗೂಡ್ಸ್ ಅಂತಿದ್ದರೆ ಸುಮ್ನೆ ಜನ ಕೂರಿಸುವ ಹಾಗೂ ಇಲ್ಲ, ಆರ್‌ಸಿಯಲ್ಲಿರುವುದಕ್ಕಿಂತ ಬೇರೆ ಆಗುವ ಹಾಗೆ ಗಾಡಿ ಮಾರ್ಪಡಿಸಬಾರದು ಅನ್ನುವ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ.

ಆದರೆ ನೀವು ಕೇಳದ ಒಂದು ಮಾತು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಇಳಿಯುವ ಗೆಸ್ಟ್‌ಗೆ ಎಷ್ಟು ದುಬಾರಿ ವ್ಯಾನಾದರೂ ವಾಂತಿ ಬರಬಹುದು. ಹಿಂದಿನ ಚಕ್ರಕ್ಕಿಂತ ಹಿಂದೆ ಕೂತವರಿಗೆ ಕುಲುಕಾಟ ಜಾಸ್ತಿ. ವಿ-ಕ್ಲಾಸಲ್ಲಿ ಸೀಟುಗಳನ್ನು ಎದುರುಬದುರು ಹಾಕುವ ಶೋಕಿ ಇದೆಯಲ್ಲ, ತಿರುವಿನ ರಸ್ತೆಯಲ್ಲಿ ಹಿಂದಕ್ಕೆ ಮುಖ ಮಾಡಿ ಕೂತವರೇ ಮೊದಲು ಪ್ಲಾಸ್ಟಿಕ್ ಕವರ್ ಕೇಳುವುದು. ತಲೆ ತಿರುಗುವವರನ್ನು ಮುಂದಿನ ಸೀಟಿಗೆ ಕಳಿಸಿ, ಇಲ್ಲವೇ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಮುಂದಕ್ಕೆ ಮುಖ ಮಾಡಿ ಕೂರಿಸಿ. ದೋಸೆ ಘಾಟಿ ಇಳಿದ ಮೇಲೆ ತಿನ್ನಿಸಿ.