ಮೊದಲ ಭೇಟಿ ಸರಿಯಾದರೆ ಹುಡುಗಿ ಮತ್ತೆ ಬರುತ್ತಾಳೆ

ಮುಂಬೈ ಕಡೆಯ ಹಲ್ಲಿನ ಕ್ಲಿನಿಕ್ಕುಗಳಿಗೆ ಹದಿಮೂರರಿಂದ ಹದಿನೇಳರ ಹುಡುಗಿಯರು ಬರುವುದು ಹೆಚ್ಚಾಗಿ ಎರಡೇ ಕಾರಣಕ್ಕೆ. ಮುಂದಿನ ಹಲ್ಲು ಉಬ್ಬಿದೆ ಎಂದೋ, ನೋವಿನಿಂದ ರಾತ್ರಿ ನಿದ್ದೆಯಿಲ್ಲ ಎಂದೋ. ಹಿಂದಿನ ಹಲ್ಲುಗಳನ್ನು ಅಲ್ಲಿಯವರೆಗೆ ಯಾರೂ ನೋಡಿರುವುದಿಲ್ಲ. ಎರಡನೇ ದವಡೆ ಹಲ್ಲು ಹುಟ್ಟುವುದು ಸುಮಾರು 12ನೇ ವಯಸ್ಸಿಗೆ. ಅದರ ಮೇಲಿನ ಸೀಳುಗಳು ಆಳ, ಬ್ರಷ್ಷಿನ ಎಳೆ ಅಲ್ಲಿಗೆ ಇಳಿಯುವುದಿಲ್ಲ. ಹಲ್ಲು ಪೂರ್ತಿ ಹೊರಬಂದ ಕೂಡಲೇ ಸೀಲೆಂಟ್ ಎಂಬ ತೆಳು ಲೇಪ ಹಚ್ಚಿ ಆ ಸೀಳುಗಳನ್ನು ಮುಚ್ಚಿದರೆ ಕೊರೆಯುವ ಪ್ರಮೇಯವೇ ಬರದಿರಬಹುದು. ಸಣ್ಣ ಹುಳುಕಿದ್ದಾಗ ಬಂದರೆ ಒಂದೇ ಸಲಕ್ಕೆ ಸಿಮೆಂಟ್ ತುಂಬಿ ಕಳಿಸಬಹುದು. ರಾತ್ರಿ ನೋವು ಶುರುವಾದ ಮೇಲೆ ಬಂದರೆ ಸಾಮಾನ್ಯವಾಗಿ ರೂಟ್ ಕೆನಾಲ್, ಮೇಲೊಂದು ಕ್ಯಾಪ್. ಖರ್ಚೂ ಓಡಾಟವೂ ಹಲವು ಪಟ್ಟು.

ಈ ತಡಕ್ಕೆ ಹುಡುಗಿಯ ಉದಾಸೀನ ಕಾರಣ ಎಂದುಕೊಳ್ಳುವುದು ತಪ್ಪು. ಡೊಂಬಿವಲಿ, ಠಾಣೆ, ಮುಲುಂಡ್ ಕಡೆಯ ನಮ್ಮ ಕನ್ನಡದ ಮನೆಗಳನ್ನೇ ನೋಡಿ. ಶಾಲೆ ಮುಗಿದರೆ ಕ್ಲಾಸು. ಅಪ್ಪ ಹೋಟೆಲ್ ಮುಚ್ಚಿ ಬರುವುದು ರಾತ್ರಿ, ಖರ್ಚಿನ ಮಾತು ಅವರ ಹತ್ತಿರವೇ ಆಗಬೇಕು. ‘ಹತ್ತನೇ ಪರೀಕ್ಷೆ ಮುಗಿಯಲಿ’ ಎಂದು ಒಂದು ವರ್ಷ ಹೋಗುತ್ತದೆ. ಮುಟ್ಟಿನ ದಿನಗಳಲ್ಲಿ ಹಲ್ಲು ಮುಟ್ಟಿಸಬಾರದು ಎಂದು ಅಪಾಯಿಂಟ್‌ಮೆಂಟ್ ತಪ್ಪುವುದೂ ಇದೆ. ಕಾರಣ ಹೇಳಲು ನಾಚಿಕೆ, ಆಮೇಲೆ ಮತ್ತೆ ಫೋನ್ ಮಾಡಲೂ ನಾಚಿಕೆ. ಮುಟ್ಟಾಗಿದ್ದರೂ ಕ್ಲೀನಿಂಗಿಗೂ ಹುಳುಕು ತುಂಬಿಸುವುದಕ್ಕೂ ಏನೂ ಅಡ್ಡಿಯಿಲ್ಲ. ಹೊಟ್ಟೆನೋವು ಜೋರಾಗಿದ್ದು ಕುಳಿತಿರಲು ಕಷ್ಟವೆನಿಸಿದರೆ ಮುಂದೂಡಲಿ, ಅದು ಅವಳ ಇಷ್ಟ. ಕಾರಣ ಕೇಳದೆ ಬೇರೆ ದಿನ ಕೊಡುವ ಕ್ಲಿನಿಕ್ಕಿಗೆ ಅವಳು ಮತ್ತೆ ಬರುತ್ತಾಳೆ.

ಈ ವಯಸ್ಸಿನಲ್ಲಿ ಹಾರ್ಮೋನು ಏರಿದಾಗ ವಸಡಿಗೆ ರಕ್ತದ ಹರಿವು ಹೆಚ್ಚಿ, ಸ್ವಲ್ಪ ಕೊಳೆ ಕೂತರೂ ವಸಡು ಊದಿ ಕೆಂಪಾಗುತ್ತದೆ. ಬ್ರಷ್ ತಾಗಿದರೆ ರಕ್ತ. ರಕ್ತ ಕಂಡವಳು ಹೆದರಿ ಆ ಜಾಗವನ್ನೇ ಬಿಟ್ಟು ಉಜ್ಜುತ್ತಾಳೆ, ಅಲ್ಲಿ ಕೊಳೆ ಇನ್ನೂ ಕೂರುತ್ತದೆ. ಮಾಡಬೇಕಾದ್ದು ತದ್ವಿರುದ್ಧ. ಮೆತ್ತನೆಯ ಬ್ರಷ್ಷನ್ನು ವಸಡಿನ ಅಂಚಿಗೆ 45 ಡಿಗ್ರಿ ಓರೆಯಾಗಿ ಹಿಡಿದು, ಒಂದು ಸಲಕ್ಕೆ ಎರಡು ಮೂರು ಹಲ್ಲಿನಂತೆ ಸಣ್ಣಗೆ ಅಲುಗಾಡಿಸುತ್ತ ಹೋಗಬೇಕು. ದಿನಕ್ಕೆ ಎರಡು ಸಲ, ಎರಡೆರಡು ನಿಮಿಷ. ಒಂದೆರಡು ವಾರದಲ್ಲಿ ರಕ್ತ ಕಡಿಮೆಯಾಗುತ್ತದೆ. ಆಗದಿದ್ದರೆ ಒಳಗೆ ಗಟ್ಟಿ ಪಾಚಿ ಇರಬಹುದು, ಕ್ಲೀನಿಂಗ್ ಬೇಕಾಗುತ್ತದೆ. ‘ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ’ ಎಂದು ಅಜ್ಜಿಯರು ಹೇಳುವುದು ಪಾಚಿ ತೆಗೆದ ಮೇಲೆ ಕಾಣುವ ಸಂದು ನೋಡಿ. ಆ ಸಂದು ಮೊದಲೇ ಇತ್ತು, ಪಾಚಿ ಅದನ್ನು ಮುಚ್ಚಿತ್ತು.

ಇನ್ನು ಕುರ್ಚಿಯ ಮೇಲಿನ ಮಾತು. ಹುಡುಗಿಗೆ ಚಿಕಿತ್ಸೆ ಸಮಾಧಾನ ತಂದಿತೋ ಇಲ್ಲವೋ ಎಂಬುದು ಬಹಳ ಮಟ್ಟಿಗೆ ತೀರ್ಮಾನವಾಗುವುದು ಇಲ್ಲೇ. ಬಾಯಿ ಅವಳದು, ಪ್ರಶ್ನೆಯೆಲ್ಲ ಅಮ್ಮನಿಗೆ: ‘ಯಾವಾಗಿಂದ ನೋವು? ಸಿಹಿ ತಿನ್ನುತ್ತಾಳಾ?’ ಉತ್ತರವೂ ಅಮ್ಮನದೇ, ಜೊತೆಗೊಂದು ಬೈಗುಳ. ಮುಂದಿನ ಸಲ ನೋವಾದರೆ ಅವಳು ಹೇಳುವುದಿಲ್ಲ. ಪ್ರಶ್ನೆಯನ್ನು ಮೊದಲು ಅವಳಿಗೇ ಕೇಳಬೇಕು, ಕನ್ನಡಿ ಕೈಗೆ ಕೊಟ್ಟು ಹುಳುಕನ್ನು ಅವಳಿಗೇ ತೋರಿಸಬೇಕು, ಇಂದು ಏನೇನು ಮಾಡುತ್ತೇವೆ ಎಂದು ಕ್ರಮವಾಗಿ ಹೇಳಬೇಕು.

ಮರಗಟ್ಟಿಸುವ ಇಂಜೆಕ್ಷನ್ನಿಗೆ ಅವಸರ ಬೇಡ. ಹತ್ತಿಯಿಂದ ವಸಡು ಒರೆಸಿ ಒಣಗಿಸಿ, ಜೆಲ್ ಹಚ್ಚಿ ಒಂದೆರಡು ನಿಮಿಷ ಬಿಡಬೇಕು. ಒದ್ದೆ ವಸಡಿನ ಮೇಲೆ ಜೆಲ್ ನಿಲ್ಲುವುದಿಲ್ಲ. ತುಟಿಯನ್ನು ಬಿಗಿಯಾಗಿ ಎಳೆದು ಹಿಡಿದು ಸೂಜಿ ಹಾಕಿ, ಒಂದು ಮಿಲಿಲೀಟರಿಗೆ ಒಂದು ನಿಮಿಷದಂತೆ ಔಷಧಿ ಬಿಡಬೇಕು. ರಭಸದಿಂದ ಒತ್ತಿದರೆ ಆಗುವ ನೋವು ಸೂಜಿಯದಲ್ಲ, ಒತ್ತಡದ್ದು. ಮರಗಟ್ಟಿಸುವ ಔಷಧಿ ಲಿಗ್ನೊಕೇನಿನ ಜೊತೆ ಸೇರಿಸಿರುವ ಅಡ್ರಿನಲಿನ್‌ನಿಂದ ಸ್ವಲ್ಪ ಹೊತ್ತು ಎದೆ ಢವಢವ ಎನ್ನಬಹುದು. ಮೊದಲೇ ಹೇಳಿದರೆ ಹೆದರುವುದಿಲ್ಲ. ಕೆಳದವಡೆಯಾದರೆ ಐದು ನಿಮಿಷವಾದರೂ ಕಾಯಬೇಕು. ತುಟಿ ಮರಗಟ್ಟಿದ ಮಾತ್ರಕ್ಕೆ ಹಲ್ಲು ಮರಗಟ್ಟಿತು ಎನ್ನಲಾಗದು: ನರ ಉರಿದು ಬಾತಿರುವ ಹಲ್ಲಿಗೆ ಒಂದೇ ಇಂಜೆಕ್ಷನ್ ಹಲವೊಮ್ಮೆ ಸಾಲದು, ಇನ್ನೊಂದು ಬೇಕಾಗುತ್ತದೆ. ಆಗ ‘ಸುಮ್ಮನಿರು, ನೋವಾಗಲ್ಲ’ ಎಂದು ಕೊರೆಯತೊಡಗಿದರೆ ನಂಬಿಕೆ ಅಲ್ಲಿಗೆ ಮುಗಿಯಿತು. ಎಡಗೈ ಎತ್ತಿದರೆ ನಿಲ್ಲಿಸುತ್ತೇನೆ ಎಂದು ಮಾತು ಕೊಟ್ಟ ಮೇಲೆ ಎತ್ತಿದಾಗ ನಿಲ್ಲಿಸಲೇಬೇಕು.

ಉಬ್ಬಿದ ಹಲ್ಲು ಸರಿಪಡಿಸುವ ಕ್ಲಿಪ್ಪಿನ ವಿಷಯದಲ್ಲಿ ಅಸಮಾಧಾನ ಹುಟ್ಟುವುದು ಮೊದಲೇ ಹೇಳದ ಸಂಗತಿಗಳಿಂದ. ಸಾಮಾನ್ಯವಾಗಿ ಒಂದೂವರೆಯಿಂದ ಎರಡು ವರ್ಷ, ನಾಲ್ಕರಿಂದ ಆರು ವಾರಕ್ಕೊಂದು ಭೇಟಿ. ಏಳನೆಯ ತರಗತಿ ಮುಗಿದ ಬೇಸಿಗೆಯಲ್ಲಿ ಶುರುಮಾಡಿದರೆ ಹತ್ತನೆಯದರ ಗಡಿಬಿಡಿಗೆ ಮೊದಲು ಮುಗಿಯುವ ಸಾಧ್ಯತೆ ಹೆಚ್ಚು. ತಂತಿ ಬಿಗಿಸಿದ ಮೇಲೆ ಎರಡು ಮೂರು ದಿನ ಹಲ್ಲು ನೋಯುತ್ತದೆ. ಗಂಜಿ, ಇಡ್ಲಿ, ಮೊಸರನ್ನ ಸಾಕು. ಲೋನಾವಳಾ ಚಿಕ್ಕಿ, ಗಟ್ಟಿ ಚಕ್ಕುಲಿ, ಕಬ್ಬು ಕಚ್ಚಿದರೆ ತಂತಿ ಹಿಡಿಯಲು ಹಲ್ಲಿಗೆ ಅಂಟಿಸಿದ ಬ್ರಾಕೆಟ್ ಕಿತ್ತುಬರುತ್ತದೆ, ಪ್ರತಿ ಸಲ ಕಿತ್ತಾಗಲೂ ಚಿಕಿತ್ಸೆ ಹಿಂದೆ ಬೀಳುತ್ತದೆ. ಬ್ರಾಕೆಟ್ ಸುತ್ತ ಸರಿಯಾಗಿ ಉಜ್ಜದಿದ್ದರೆ ಒಂದೇ ತಿಂಗಳಲ್ಲಿ ಬಿಳಿ ಕಲೆ ಮೂಡಬಹುದು, ಕ್ಲಿಪ್ ತೆಗೆದ ಮೇಲೂ ಉಳಿಯಬಹುದು. ಕೊನೆಗೆ ರಿಟೇನರ್, ಅಂದರೆ ಸರಿಯಾದ ಹಲ್ಲನ್ನು ಅಲ್ಲೇ ಹಿಡಿದಿಡುವ ಸಾಧನ: ಹಾಕಿಕೊಳ್ಳದಿದ್ದರೆ ಹಲ್ಲು ಹಳೆಯ ಜಾಗಕ್ಕೆ ಸರಿಯತೊಡಗುತ್ತದೆ.

ಖಾಸಗಿ ಖರ್ಚು ಹೊರಲಾಗದವರಿಗೆ ಮುಂಬೈ ಸೆಂಟ್ರಲ್‌ನಲ್ಲಿ ಪಾಲಿಕೆಯ ನಾಯರ್ ದಂತ ಕಾಲೇಜು, ಸಿಎಸ್‌ಎಂಟಿ ರೈಲು ನಿಲ್ದಾಣದ ಪಕ್ಕ ಸೇಂಟ್ ಜಾರ್ಜ್ ಆಸ್ಪತ್ರೆಯ ಆವರಣದಲ್ಲಿ ಸರ್ಕಾರಿ ದಂತ ಕಾಲೇಜು ಇವೆ. ವಿದ್ಯಾರ್ಥಿಗಳು ಅಧ್ಯಾಪಕರ ಕಣ್ಣೆದುರು ಕೆಲಸ ಮಾಡುವುದರಿಂದ ಸಮಯ ಹಿಡಿಯುತ್ತದೆ, ಸುತ್ತು ಹೆಚ್ಚು. ಬೆಳಿಗ್ಗೆಯೇ ಹೋಗಿ, ಹಳೆಯ ಎಕ್ಸ್‌ರೇ ಜೊತೆಗಿರಲಿ.

ಹದಿನೆಂಟು ತುಂಬದವರ ಚಿಕಿತ್ಸೆಗೆ ಪಾಲಕರ ಒಪ್ಪಿಗೆ ಬೇಕು. ಆದರೂ ನರ್ಸ್ ಒಳಗಿರುವಂತೆ, ಅಮ್ಮನನ್ನು ಐದು ನಿಮಿಷ ಹೊರಗೆ ಕೂರಿಸಿ ಹುಡುಗಿಯನ್ನು ಮಾತಾಡಿಸಿದರೆ ಬೇರೆಯೇ ಸಂಗತಿ ತಿಳಿಯುತ್ತದೆ. ಮನೆಯ ಹೆಂಗಸರನ್ನು ನೋಡಿ ಹುಡುಗಿಯೂ ಮಿಶ್ರಿ ಉಜ್ಜುತ್ತಿರಬಹುದು. ಅದು ಹುರಿದ ತಂಬಾಕು, ಹಲ್ಪುಡಿ ಅಲ್ಲ. ನಾಲಿಗೆ ನುಣುಪಾಗಿ ಬಾಯಿಯ ಮೂಲೆ ಒಡೆದಿದ್ದರೆ, ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುತ್ತದೆಯೇ ಎಂದು ಕೇಳಿ ಹಿಮೋಗ್ಲೋಬಿನ್ ಪರೀಕ್ಷೆ ಬರೆದುಕೊಡಬೇಕು. ಮೇಲಿನ ಮುಂದಿನ ಹಲ್ಲುಗಳ ಒಳಬದಿ ಸವೆದು ತೆಳ್ಳಗಾಗಿದ್ದರೆ ಪದೇ ಪದೇ ಹೊಟ್ಟೆಯ ಆಮ್ಲ ಮೇಲೆ ಬಂದು ತಾಗಿರಬಹುದು: ಅಸಿಡಿಟಿ ಇರಬಹುದು, ತೆಳ್ಳಗಾಗಬೇಕೆಂದು ತಾನೇ ವಾಂತಿ ಮಾಡಿಕೊಳ್ಳುತ್ತಿರಲೂಬಹುದು. ಬೈಯದೆ ಕೇಳಬೇಕು. ವಾಂತಿಯಾದ ಕೂಡಲೇ ಉಜ್ಜದೆ, ನೀರಿನಿಂದ ಬಾಯಿ ಮುಕ್ಕಳಿಸಿ ಅರ್ಧ ಗಂಟೆಯಾದರೂ ಬಿಟ್ಟು ಉಜ್ಜಲು ಹೇಳಬೇಕು. ವೈದ್ಯರಿಗೆ ತೋರಿಸುವ ಅಗತ್ಯವಿದ್ದರೆ ಅಮ್ಮನಿಗೆ ತಿಳಿಸಲೇಬೇಕಾಗುತ್ತದೆ. ಅದನ್ನು ಯಾರು, ಹೇಗೆ ಹೇಳುವುದು ಎಂದು ಬಾಗಿಲು ತೆರೆಯುವ ಮುಂಚೆ ಅವಳನ್ನೇ ಕೇಳಿಕೊಳ್ಳಿ.