ಫೈಬರ್ ಬಾಡಿಯ ಬಿರುಕೂ ಮಲೆನಾಡಿನ ಥಂಡಿಯೂ

ಫೈಬರ್ ಬಾಡಿಯ ಹಳೆಯ ಕಾರನ್ನು ಕೊಂಡು ಮಲೆನಾಡಿಗೆ ತರುವವರಲ್ಲಿ ಬಹಳ ಮಂದಿಗೆ ಒಂದು ಧೈರ್ಯವಿರುತ್ತದೆ. ತಗಡಿನ ಬಾಡಿಯಾಗಿದ್ದರೆ ನಾಲ್ಕು ಮಳೆಗಾಲದಲ್ಲಿ ತುಕ್ಕು ತಿಂದುಹಾಕುತ್ತಿತ್ತು, ಫೈಬರಿಗೆ ಆ ಭಯವಿಲ್ಲ ಎಂಬುದು ಅವರ ಲೆಕ್ಕ. ಈ ಲೆಕ್ಕ ಅರ್ಧ ಮಾತ್ರ ಸರಿ. ಗಾಜಿನ ನಾರಿಗಾಗಲಿ, ಅದನ್ನು ಹಿಡಿದಿಟ್ಟಿರುವ ರೆಸಿನ್‌ಗಾಗಲಿ ತುಕ್ಕು ಹಿಡಿಯುವುದಿಲ್ಲ. ಆದರೆ ಬಾಡಿಯನ್ನು ಹೊತ್ತಿರುವುದು ಕಬ್ಬಿಣ, ಮತ್ತು ರೆಸಿನ್ ತಾನೂ ವರ್ಷಗಟ್ಟಲೆ ನಿಧಾನವಾಗಿ ನೀರು ಹೀರುತ್ತದೆ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯಿಂದ ಶಿವಮೊಗ್ಗದ ನಮ್ಮ ಶೆಡ್ಡಿಗೆ ಬರುವ ಇಂಥ ಕಾರುಗಳ ದೋಷಗಳಲ್ಲಿ ಹೆಚ್ಚಿನವು ಈ ಎರಡರಿಂದಲೇ ಹುಟ್ಟಿದವು.

ಸ್ಪೋರ್ಟ್ಸ್ ಕಾರಿಗೆ ಫೈಬರ್ ಬಾಡಿ ತೊಡಿಸುವ ರೂಢಿ ಹಳೆಯದು. ಅಮೆರಿಕದ ಶೆವ್ರೊಲೆ ಕಾರ್ವೆಟ್ 1953ರಲ್ಲೇ ಫೈಬರ್ ಬಾಡಿಯೊಂದಿಗೆ ಬಂತು. ಇಂಗ್ಲೆಂಡಿನ ಲೋಟಸ್ ಎಲಾನ್ 1962ರಲ್ಲಿ ಉಕ್ಕಿನ ಬೆನ್ನೆಲುಬಿನ ಮೇಲೆ ಫೈಬರ್ ಮೈ ಹೊದ್ದು ಬಂತು. ನಮ್ಮಲ್ಲಿ ಸಿಗುವವು ಮುಖ್ಯವಾಗಿ ಎರಡು: 1980ರ ದಶಕದ ಬೆಂಗಳೂರಿನ ಸಿಪಾನಿ ಡಾಲ್ಫಿನ್ ಮತ್ತು 1990ರ ದಶಕದ ಕೊನೆಗೆ ಬಂದ ಎರಡು ಸೀಟಿನ ಸ್ಯಾನ್ ಸ್ಟಾರ್ಮ್. ಡಾಲ್ಫಿನ್ ಹುಟ್ಟಿನಿಂದ ಕುಟುಂಬದ ಕಾರೇ ಆದರೂ ಹಗುರವಾಗಿದ್ದ ಕಾರಣ ರ‍್ಯಾಲಿಯವರ ಕೈಗೂ ಸಿಕ್ಕಿತ್ತು. ದುರಸ್ತಿಯ ಮಟ್ಟಿಗೆ ಇವೆಲ್ಲ ಒಂದೇ ಜಾತಿ.

ಯಾವುದೇ ಕೆಲಸಕ್ಕೆ ಮುನ್ನ ಬಿರುಕನ್ನು ಓದಬೇಕು. ಒಂದು ಬಿಂದುವಿನಿಂದ ನಕ್ಷತ್ರದಂತೆ ಹರಡಿದ ಸಣ್ಣ ಬಿರುಕುಗಳು ಮಡ್‌ಗಾರ್ಡ್ ಮೇಲಿದ್ದರೆ, ಘಾಟಿ ರಸ್ತೆಯಲ್ಲಿ ಚಕ್ರ ಎಸೆದ ಕಲ್ಲು ಒಳಗಿನಿಂದ ಬಡಿದಿರುವ ಸಾಧ್ಯತೆಯೇ ಹೆಚ್ಚು. ಬಾನೆಟ್ಟಿನ ಅಂಚಿಗೆ ಸಾಲಾಗಿ ಎದ್ದ ಗೆರೆಗಳು ಆ ಭಾಗ ಓಡಾಟದಲ್ಲಿ ಬಳುಕುತ್ತಿದೆ ಎಂದು ಹೇಳುತ್ತವೆ. ಅಲ್ಲಿ ಆಧಾರ ಸಡಿಲವಾಗಿರುತ್ತದೆ ಅಥವಾ ಬೋಲ್ಟನ್ನು ವಾಷರ್ ಇಲ್ಲದೆ ಬಿಗಿದಿರುತ್ತಾರೆ. ಹಳೆಯ ಕಾರ್ವೆಟ್‌ಗಳಲ್ಲಿ ಉದ್ದಕ್ಕೂ ನೇರವಾಗಿ ಕಾಣುವ ಗೆರೆ ಬಿರುಕೇ ಅಲ್ಲದಿರಬಹುದು: ಆ ಬಾಡಿಯ ಭಾಗಗಳನ್ನು ಹಿಂದಿನಿಂದ ಪಟ್ಟಿ ಕೊಟ್ಟು ಅಂಟಿಸಿರುತ್ತಾರೆ, ಆ ಕೂಡುಗೆರೆ ಬಣ್ಣದ ಕೆಳಗಿನಿಂದ ಕಾಣಿಸುತ್ತದೆ. ಅದನ್ನು ಬಿರುಕೆಂದು ತಿಳಿದು ಗ್ರೈಂಡರ್ ಹಿಡಿಯುವವರು ಗಟ್ಟಿಯಾಗಿದ್ದ ಜೋಡಣೆಯನ್ನು ತಾವೇ ಕೆಡಿಸುತ್ತಾರೆ.

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ತಮ್ಮ ಕಾರಿನ ಬಾಗಿಲ ಪಕ್ಕದ ಒಂದು ಗೀರು ತೋರಿಸಿ, "ಇಷ್ಟೇ ಮಾರಾಯ್ರೆ, ಮೇಲಿಂದ ಸ್ವಲ್ಪ ಪುಟ್ಟಿ ಹೊಡೆದು ಬಣ್ಣ ಮಾಡಿಕೊಡಿ" ಎಂದರು. ಬೇರೊಂದು ಗ್ಯಾರೇಜಿನಲ್ಲಿ ಅದೇ ಜಾಗಕ್ಕೆ ಹಿಂದೆಯೂ ಪುಟ್ಟಿ ಬಿದ್ದಿತ್ತು. ನಾಣ್ಯದಿಂದ ತಟ್ಟಿದಾಗ ಸುತ್ತಲಿನ ಬಾಡಿ ಟಕ್ ಎಂದರೆ ಗೀರಿನ ಆಚೀಚೆ ನಾಲ್ಕು ಬೆರಳಗಲ ಮಂದವಾಗಿ ಸದ್ದು ಬರುತ್ತಿತ್ತು. ಒಳಗಿನ ರೆಕ್ಸಿನ್ ಬಿಚ್ಚಿ ನೋಡಿದರೆ, ಕೀಲನ್ನು ಹಿಡಿಯಲೆಂದು ಫೈಬರ್ ಪದರಗಳ ನಡುವೆ ಹುದುಗಿಸಿದ್ದ ಕಬ್ಬಿಣದ ಪ್ಲೇಟು ಒಣ ಬಾಳೆಪಟ್ಟೆಯಂತೆ ಪದರ ಪದರವಾಗಿ ಎದ್ದಿತ್ತು. ತುಕ್ಕು ಹಿಡಿದ ಕಬ್ಬಿಣ ಮೊದಲಿಗಿಂತ ಹೆಚ್ಚು ಜಾಗ ಬೇಡುತ್ತದೆ. ಹೀಗೆ ಊದಿದ ಪ್ಲೇಟು ಫೈಬರನ್ನು ಒಳಗಿನಿಂದ ಸೀಳಿತ್ತು. ಇಂಥಲ್ಲಿ ಮೇಲೆ ಎಷ್ಟು ಪುಟ್ಟಿ ಹೊಡೆದರೂ ಮುಂದಿನ ಮಳೆಗಾಲಕ್ಕೆ ಗೆರೆ ಮತ್ತೆ ಏಳುತ್ತದೆ. ಪ್ಲೇಟನ್ನು ಕತ್ತರಿಸಿ ತೆಗೆದು, ಸ್ಟೇನ್‌ಲೆಸ್ ಸ್ಟೀಲಿನದನ್ನು ಕೂರಿಸಿ, ಹಿಂಬದಿಯಿಂದ ಹೊಸ ಪದರ ಕಟ್ಟುವುದೊಂದೇ ದಾರಿ.

ಬಣ್ಣ ತೆಗೆಯಲು ತಗಡಿಗೆ ಬಳಸುವ ಪೇಂಟ್ ರಿಮೂವರನ್ನು ಫೈಬರಿಗೆ ಹಚ್ಚಲೇಬಾರದು, ಅದು ರೆಸಿನ್ನನ್ನೂ ಮೆತ್ತಗೆ ಮಾಡುತ್ತದೆ. 80 ನಂಬರಿನ ಪೇಪರ್ ಹಾಕಿ ತಾಳ್ಮೆಯಿಂದ ಉಜ್ಜಬೇಕು. ಆ ಧೂಳಿನಲ್ಲಿ ಗಾಜಿನ ಚೂರುಗಳಿರುವುದರಿಂದ ಮೂಗಿಗೆ ಕಟ್ಟಿಕೊಂಡ ಕರ್ಚೀಫು ಸಾಲದು, ಸರಿಯಾದ ಮಾಸ್ಕೇ ಬೇಕು.

ಇನ್ನು ಥಂಡಿಯ ವಿಚಾರ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಶಿವಮೊಗ್ಗ ಪೇಟೆಯಲ್ಲಿ ಅದರ ಒಂದು ಪಾಲು ಮಾತ್ರ. ಹಾಗೆಂದು ಪುನರ್ವಸು, ಪುಷ್ಯ ಮಳೆಯ ದಿನಗಳಲ್ಲಿ ಇಲ್ಲಿಯ ಗಾಳಿ ಒಣಗಿರುತ್ತದೆ ಎಂದಲ್ಲ. ಆ ಕಾಲದಲ್ಲಿ ಮ್ಯಾಟ್ (ಗಾಜಿನ ನಾರಿನ ತುಂಡುಗಳನ್ನು ಅಂಟಿನಿಂದ ಹಿಡಿದಿಟ್ಟ ಹಾಸು) ಸುರುಳಿಯನ್ನು ತೆರೆದಿಟ್ಟರೆ ಅದೇ ತೇವ ಹಿಡಿಯುತ್ತದೆ, ತೇವ ಹಿಡಿದ ನಾರಿನೊಳಕ್ಕೆ ರೆಸಿನ್ ಸರಿಯಾಗಿ ಇಳಿಯದೆ ಪದರ ಬೆಳ್ಳಗೆ ಉಳಿಯುತ್ತದೆ. ಇದಕ್ಕಿಂತ ಮೋಸದ ಸಂಗತಿ ಅಸಿಟೋನಿನದು. ಜಾಗವನ್ನು ಶುಚಿ ಮಾಡಲೆಂದು ಒರೆಸಿದ ಅಸಿಟೋನ್ ಆರುವಾಗ ಆ ಜಾಗವನ್ನು ತಣ್ಣಗಾಗಿಸುತ್ತದೆ, ಹಸಿ ಗಾಳಿಯಲ್ಲಿ ಆ ತಂಪಿನ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ನೀರಿನ ಪೊರೆ ಕೂರುತ್ತದೆ, ಶುಚಿಯಾಯಿತೆಂದು ನಂಬಿ ಅದರ ಮೇಲೆಯೇ ಹಾಕಿದ ಪದರ ವರ್ಷ ಕಳೆಯುವುದರೊಳಗೆ ಬಿಟ್ಟುಕೊಳ್ಳುತ್ತದೆ. ಆದ್ದರಿಂದ ಉಜ್ಜಿದ ಜಾಗಕ್ಕೆ ಸಂಜೆ ಒಂದು ಪ್ಲಾಸ್ಟಿಕ್ ಹಾಳೆಯನ್ನು ಸುತ್ತಲೂ ಟೇಪು ಹಾಕಿ ಅಂಟಿಸಿ, ಬೆಳಿಗ್ಗೆ ಅದರ ಒಳಮೈ ನೋಡುತ್ತೇನೆ. ಹನಿ ಕಂಡರೆ ಬಾಡಿಯೊಳಗೆ ಇನ್ನೂ ನೀರಿದೆ; ಬಲ್ಬು ಇಟ್ಟು, ಕೈ ಸಹಿಸುವಷ್ಟು ಬಿಸಿಯಲ್ಲಿ ಮತ್ತಷ್ಟು ದಿನ ಒಣಗಿಸಬೇಕು. ಪದರ ಕಟ್ಟುವ ಕೆಲಸವನ್ನು ನಾನು ಜನವರಿಯಿಂದ ಏಪ್ರಿಲ್‌ವರೆಗೆ ಮಾತ್ರ ಒಪ್ಪಿಕೊಳ್ಳುತ್ತೇನೆ, ಅದೂ ಇಬ್ಬನಿ ಪೂರ್ತಿ ಆರಿದ ಮೇಲೆ.

ಬಿರುಕಿನ ಸುತ್ತ ಬಾಡಿಯನ್ನು ಇಳಿಜಾರಾಗಿ ತೆಳುಮಾಡುವುದರಲ್ಲಿ ಜಿಪುಣತನ ಕೂಡದು. ದಪ್ಪಕ್ಕೆ 12 ಪಟ್ಟು ಅಗಲದ ಇಳಿಜಾರು ಬೇಕು; 3 ಮಿಲಿಮೀಟರ್ ದಪ್ಪದ ಬಾಡಿಗೆ ಒಂದೊಂದು ಬದಿಗೆ 36 ಮಿಲಿಮೀಟರ್. ಮ್ಯಾಟಿನ ತೂಕದ ಎರಡರಿಂದ ಎರಡೂವರೆ ಪಟ್ಟು ರೆಸಿನ್ ಸಾಕು, ಹೆಚ್ಚು ಸುರಿದರೆ ಪದರ ಪೆಡಸಾಗುತ್ತದೆ. ರೆಸಿನ್ನನ್ನು ಗಟ್ಟಿ ಮಾಡುವ ಹಾರ್ಡ್‌ನರ್ ಕಿಲೋ ಪಾಲಿಯೆಸ್ಟರ್ ರೆಸಿನ್ನಿಗೆ 10ರಿಂದ 20 ಗ್ರಾಂ, ಕಣ್ಣಂದಾಜಿನಿಂದಲ್ಲ, ತಕ್ಕಡಿಯಿಂದ. ಗಟ್ಟಿಯಾಗುವುದನ್ನು ಚುರುಕುಗೊಳಿಸುವ ಕೋಬಾಲ್ಟ್ ದ್ರವವನ್ನು ರೆಸಿನ್ನಿಗೆ ಮೊದಲು ಕಲಸಿ, ಆಮೇಲೆ ಹಾರ್ಡ್‌ನರ್ ಹಾಕಬೇಕು. ಇವೆರಡನ್ನೂ ನೇರವಾಗಿ ಬೆರೆಸಿದರೆ ಸ್ಫೋಟವಾದೀತು. ಮೂಲ ಪಾಲಿಯೆಸ್ಟರ್ ಬಾಡಿಯ ಮೇಲೆ ಎಪಾಕ್ಸಿ ಎಂಬ ಇನ್ನೊಂದು ಬಗೆಯ ರೆಸಿನ್ ಚೆನ್ನಾಗಿ ಹಿಡಿಯುತ್ತದೆ, ಆದರೆ ಎಪಾಕ್ಸಿಯ ಮೇಲೆ ಮತ್ತೆ ಪಾಲಿಯೆಸ್ಟರ್ ಅಷ್ಟಾಗಿ ಹಿಡಿಯುವುದಿಲ್ಲ. ಸಾಮಾನ್ಯ ಮ್ಯಾಟಿನ ಅಂಟು ಎಪಾಕ್ಸಿಯಲ್ಲಿ ಕರಗದ ಕಾರಣ, ಎಪಾಕ್ಸಿಗೆ ನೇಯ್ದ ಬಟ್ಟೆಯನ್ನೇ ಬಳಸಬೇಕು.

ಹೊಸ ಪದರ ಗಟ್ಟಿಯಾದ ಮೇಲೂ ವಾರಗಟ್ಟಲೆ ಸಣ್ಣಗೆ ಕುಗ್ಗುತ್ತಲೇ ಇರುತ್ತದೆ. ಆತುರದಲ್ಲಿ ಬಣ್ಣ ಹೊಡೆದರೆ ಕೆಳಗಿನ ನಾರಿನ ಗುರುತು ಬಿಸಿಲಿನಲ್ಲಿ ಮೇಲೆ ತೇಲಿ ಕಾಣುತ್ತದೆ, ಕಡುಬಣ್ಣಗಳಲ್ಲಂತೂ ಎದ್ದು ಕಾಣುತ್ತದೆ. ಕಾರಿನ ಮಾಲೀಕರೊಂದಿಗೆ ನನ್ನ ಜಗಳವೆಲ್ಲ ಈ ಕಾಯುವಿಕೆಯ ಬಗ್ಗೆಯೇ. ಮದುವೆ ದಿಬ್ಬಣಕ್ಕೆ ಕಾರು ಬೇಕೆಂದು ಬಂದವರಿಗೆ ಪ್ರೈಮರ್ ಬಣ್ಣದಲ್ಲೇ ಒಯ್ಯಿರಿ ಎಂದಿದ್ದೇನೆ.

ಮನೆಗೆ ಒಯ್ದ ಮೇಲೆ ಟಾರ್ಪಾಲನ್ನು ಬಾಡಿಗೆ ತಾಗುವಂತೆ ಹೊದಿಸಿಡಬಾರದು, ಅದರಡಿ ನಿಂತ ಬೆವರು ಬಣ್ಣದಲ್ಲಿ ಗುಳ್ಳೆ ಎಬ್ಬಿಸುತ್ತದೆ. ಬಾಗಿಲುಗಳ ಕೆಳಗಂಚಿನಲ್ಲಿ ನೀರು ಹೋಗಲು ಬಿಟ್ಟ ತೂತುಗಳನ್ನು ರೋಹಿಣಿ ಮಳೆಗೆ ಮುಂಚೆಯೇ ತಂತಿ ಹಾಕಿ ಬಿಡಿಸಿಕೊಳ್ಳಬೇಕು. ಕೀಲಿನ ಪ್ಲೇಟಿಗೆ ನೀರು ಮುಟ್ಟುವುದು ಹೆಚ್ಚಾಗಿ ಅಲ್ಲಿಂದಲೇ.