ಉಡುಗೆ ಎರಡು, ಭಾಷೆ ಒಂದೇ

ಭಾಷಾಶಾಸ್ತ್ರದ ತರಗತಿಯಲ್ಲಿ ನಮೀಬಿಯಾದ ಎರಡು ಫೋಟೋ ತೋರಿಸುತ್ತೇನೆ. ಒಂದರಲ್ಲಿ ಕಾಲು ಮುಚ್ಚುವಷ್ಟು ಉದ್ದದ ನೆರಿಗೆಯ ಗೌನು ತೊಟ್ಟು, ದನದ ಕೊಂಬಿನ ಹಾಗೆ ಎರಡೂ ಕಡೆ ಚಾಚಿಕೊಂಡ ಪೇಟ ಸುತ್ತಿದ ಹೆರೆರೊ ಹೆಂಗಸು. ಇನ್ನೊಂದರಲ್ಲಿ ಮೈಗೆ ಬೆಣ್ಣೆ, ಕೆಮ್ಮಣ್ಣು ಬಳಿದುಕೊಂಡ ಹಿಂಬಾ ಹೆಂಗಸು. ಇಬ್ಬರ ಭಾಷೆಯೂ ಬೇರೆ ಅಂತಲೇ ಹುಡುಗರು ಹೇಳುವುದು ಜಾಸ್ತಿ. ಉಚ್ಚಾರಣೆಯಲ್ಲಿ, ಕೆಲವು ಮಾತುಗಳಲ್ಲಿ ವ್ಯತ್ಯಾಸ ಇದೆ, ನಿಜ. ಆದರೆ ಇಬ್ಬರೂ ಆಡುವುದು ಹೆರೆರೊ ಭಾಷೆಯನ್ನೇ. ಗೌನು 19ನೇ ಶತಮಾನದ ಜರ್ಮನ್ ಮಿಷನರಿ ಕುಟುಂಬಗಳಿಂದ ಬಂದದ್ದು.

ಹೆರೆರೊ ಆಫ್ರಿಕಾದ ಬಾಂಟು ಎಂಬ ಭಾಷಾಗುಂಪಿಗೆ ಸೇರಿದ್ದು. ಏಕವಚನ, ಬಹುವಚನ ಎರಡೂ ಗೊತ್ತಾಗುವುದು ಪದದ ಮೊದಲಿನಿಂದ. 'ಒಮುಂದು' ಒಬ್ಬ ಮನುಷ್ಯ, 'ಒವಂದು' ಜನ. 'ಒಂಗೊಂಬೆ' ಒಂದು ದನ, 'ಒಜೊಂಗೊಂಬೆ' ದನಗಳು. ಮಜಾ ಇರುವುದು ಆಮೇಲೆ. ನಾವು 'ನನ್ನ ಜನ', 'ನನ್ನ ದನ' ಅಂದುಬಿಡುತ್ತೇವೆ, 'ನನ್ನ' ಬದಲಾಗುವುದೇ ಇಲ್ಲ. ಅವರು 'ಒವಂದು ವಂಜೆ' ಅನ್ನುತ್ತಾರೆ, ಆದರೆ 'ಒಜೊಂಗೊಂಬೆ ಜಂಜೆ'. ಇಲ್ಲಿ ನಾಮಪದಗಳು ಗುಂಪುಗುಂಪಾಗಿವೆ; ನಾಮಪದ ಯಾವ ಗುಂಪಿನದೋ, ಜೊತೆಯ ಪದವೂ ಕ್ರಿಯಾಪದವೂ ಆ ಗುಂಪಿನ ಗುರುತು ಹೊತ್ತುಕೊಳ್ಳಬೇಕು. ಪದಪಟ್ಟಿ ಸುಮ್ನೆ ಬಾಯಿಪಾಠ ಮಾಡಿದವರು ಇಲ್ಲೇ ಮುಗ್ಗರಿಸುತ್ತಾರೆ.

ದನದ ಉದಾಹರಣೆ ಬೇಕೆಂದೇ ಕೊಟ್ಟೆ. ದನದ ಬಣ್ಣ, ಮಚ್ಚೆ, ಪಟ್ಟೆಗೆ ಈ ಭಾಷೆಯಲ್ಲಿ ಪದಗಳ ರಾಶಿಯೇ ಇದೆ, ಅದು ಬರೀ ಚಂದಕ್ಕಲ್ಲ. ಪ್ರತಿಯೊಬ್ಬರೂ ಎರಡು ಕುಲಕ್ಕೆ ಸೇರುತ್ತಾರೆ: ತಂದೆಯ ಕಡೆಯದು 'ಒರುಜೊ', ತಾಯಿಯ ಕಡೆಯದು 'ಎಯಾಂಡ'. ಎರಡನೆಯದು ನಮ್ಮ ಕರಾವಳಿಯಲ್ಲಿ ತಾಯಿಯ ಕಡೆಯಿಂದ ಬರುವ 'ಬಳಿ' ಎಂಬ ಕುಲವನ್ನು ನೆನಪಿಸುತ್ತದೆ, ಅಲ್ವಾ? ಇಂಥ ಬಣ್ಣದ ದನ ನಮಗೆ ಆಗದು ಎಂಬ ಕಟ್ಟುಪಾಡು ಒರುಜೊಗೆ ಸೇರಿದ್ದು. ಆ ಬಣ್ಣಕ್ಕೆ ಖಚಿತವಾದ ಹೆಸರಿಲ್ಲದಿದ್ದರೆ ಕಟ್ಟುಪಾಡು ನಡೆಯುವುದು ಹೇಗೆ?

ಬೋಟ್ಸ್ವಾನಾದಲ್ಲೂ ಹೆರೆರೊ ಮಾತಾಡುವವರಿದ್ದಾರೆ. ಅದಕ್ಕೆ ದೊಡ್ಡ ಕಾರಣ ಒಂದು ನರಮೇಧ. 1904ರ ಜನವರಿಯಲ್ಲಿ ಹೆರೆರೊಗಳು ಜರ್ಮನ್ ಆಳ್ವಿಕೆಯ ವಿರುದ್ಧ ಎದ್ದರು. ಆಗಸ್ಟ್‌ನಲ್ಲಿ ವಾಟರ್‌ಬರ್ಗ್ ಬಳಿ ಸೋತವರನ್ನು ಸೈನ್ಯ ನೀರಿಲ್ಲದ ಒಮಾಹೆಕೆ ಮರಳುಗಾಡಿಗೆ ಅಟ್ಟಿತು. ಅಕ್ಟೋಬರ್ 2ರಂದು ಜನರಲ್ ಲೋಥಾರ್ ಫಾನ್ ಟ್ರೋಥಾ, ಗಡಿಯೊಳಗೆ ಸಿಕ್ಕ ಹೆರೆರೊಗಳನ್ನು ಗುಂಡಿಕ್ಕಿ ಕೊಲ್ಲಲು ಆಜ್ಞೆ ಹೊರಡಿಸಿದ. ಮರಳುಗಾಡು ದಾಟಿ ಇಂದಿನ ಬೋಟ್ಸ್ವಾನಾ ಸೇರಿ ಬದುಕುಳಿದವರಲ್ಲಿ ನಾಯಕ ಸ್ಯಾಮ್ಯುಯೆಲ್ ಮಹರೆರೊ ಕೂಡ ಇದ್ದ. ಅವನು ಹೊರಗೇ ತೀರಿಕೊಂಡ. 1923ರ ಆಗಸ್ಟ್‌ನಲ್ಲಿ ಅವನ ದೇಹವನ್ನು ನಮೀಬಿಯಾದ ಒಕಹಂಜ ಊರಿಗೆ ತಂದು ಮಣ್ಣುಮಾಡಿದರು. ಜರ್ಮನಿ ಇದನ್ನು ನರಮೇಧ ಎಂದು ಅಧಿಕೃತವಾಗಿ ಒಪ್ಪಿಕೊಂಡದ್ದು 2021ರಲ್ಲಿ.

ಈಗ ನಮೀಬಿಯಾದ ಶಾಲೆ, ರೇಡಿಯೊಗಳಲ್ಲಿ ಹೆರೆರೊ ಇದೆ, ಆಡಳಿತ ಭಾಷೆ ಮಾತ್ರ ಇಂಗ್ಲಿಷ್. ಬೋಟ್ಸ್ವಾನಾದಲ್ಲಿ ಮನೆಯಿಂದ ಹೊರಗೆ ಬಂದರೆ ಸೆತ್ಸ್ವಾನಾದ್ದೇ ಕಾರುಬಾರು.